ಬಾಗಿಲು ಮೀರಿದ ಕಪಾಟು

ನಾನು ಮಾಡಿದ ಕಪಾಟು ಕಂಡರೆ ಕಾಡಿನಲ್ಲಿ ಉಳಿದ ಮರಗಳೆಲ್ಲ 'ನಮ್ಮನ್ನೂ ಕಡಿಯಬಾರದೇ' ಎಂದು ಕೊರಗುತ್ತವೆ. ಇದು ನನ್ನ ಮಾತಲ್ಲ, ಫೋನಿನಲ್ಲಿರುವ ನನ್ನ ಐದು ಸಾವಿರ ಸ್ನೇಹಿತರದು. ಅವರು ಬರೀ ಹೆಬ್ಬೆರಳು ಎತ್ತಿದರು. ಉಳಿದದ್ದನ್ನು ನಾನೇ ಅರ್ಥ ಮಾಡಿಕೊಂಡೆ.

ಅಕ್ಕನ ಔಷಧಿ ಅಂಗಡಿಗೆಂದು ಮಾಡಿದ್ದಂತೂ ಕಪಾಟುಗಳ ಚಕ್ರವರ್ತಿ. ಇನ್ನೂರು ಗೂಡು, ಒಂದೇ ಒಂದು ಮೊಳೆಯಿಲ್ಲ. ಎಲ್ಲವೂ ಮರಕ್ಕೆ ಮರ ಕಚ್ಚು ಕೂಡಿಸಿ ಅಂಟು ಹಾಕಿದ್ದು. 'ಭೂಕಂಪಕ್ಕೂ ಬಿಚ್ಚದು' ಎಂದು ಬರೆದು ದಿನಕ್ಕೊಂದು ಫೋಟೋ ಹಾಕಿದೆ. ಹೆಬ್ಬೆರಳುಗಳ ಸುರಿಮಳೆ.

ಸಾಗಿಸುವ ದಿನ ಬೆಳಿಗ್ಗೆ ನೋಡುತ್ತೇನೆ, ನಿಲ್ಲಿಸಿದರೂ ಮಲಗಿಸಿದರೂ ಕಪಾಟು ನನ್ನ ಕಾರ್ಖಾನೆಯ ಬಾಗಿಲಿಗಿಂತ ಒಂದು ಗೇಣು ದೊಡ್ಡದು. ಪ್ರತಿ ಫೋಟೋದಲ್ಲೂ ಅದರ ಪಕ್ಕದಲ್ಲೇ ಬಾಗಿಲು ನಿಂತಿತ್ತು. ಹತ್ತು ಸಾವಿರ ಕಣ್ಣುಗಳಲ್ಲಿ ಒಂದಕ್ಕೂ ಅದು ಬಿದ್ದಿರಲಿಲ್ಲ. ನನ್ನ ಎರಡನ್ನು ಬೇರೆ ಲೆಕ್ಕ ಹಾಕಿ.

ಅಕ್ಕ ಫೋನು ಮಾಡಿದಳು. "ನಾಲ್ಕು ಗಂಟೆಗೆ ಪರೀಕ್ಷೆ ಮಾಡೋರು ಬರ್ತಾರೆ ಕಣೋ. ಕಪಾಟಿಲ್ಲ ಅಂದ್ರೆ ಅಂಗಡಿಗೆ ಅನುಮತಿ ಇಲ್ಲ. ಎಲ್ಲಿದ್ದೀಯ?"

"ಹೊರಟೇಬಿಟ್ಟೆ ಅಕ್ಕಾ," ಎಂದೆ. ಹೊರಟಿದ್ದು ನನ್ನ ಪ್ರಾಣ ಮಾತ್ರ.

'ಸಹಾಯ ಬೇಕು, ತಕ್ಷಣ ಬನ್ನಿ' ಎಂದು ಫೋನಿನಲ್ಲಿ ಡಂಗುರ ಸಾರಿದೆ. ಒಂದು ಗಂಟೆಯಲ್ಲಿ ನಾನೂರು ಕೆಂಪು ಹೃದಯ ಬಂದವು. ಕೈಕಾಲಿದ್ದ ಒಬ್ಬನೂ ಬರಲಿಲ್ಲ.

ಹನ್ನೊಂದಕ್ಕೆ ಬಂದವನು ಗುಮ್ಮ. ಬಾಲ್ಯದ ಗೆಳೆಯ, ಗಾರೆ ಕೆಲಸದವನು. ನನ್ನ ಒಂದು ಫೋಟೋಗೂ ಹೆಬ್ಬೆರಳೆತ್ತಲಿಲ್ಲವೆಂದು ನಾನೇ ಎರಡು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದೆ. ಅವನ ಹೆಗಲ ಮೇಲೆ ಸುತ್ತಿಗೆಯಿತ್ತು. ಯಾರಿಗೆಂದು ಗೊತ್ತಾಗದೆ ಎರಡು ಹೆಜ್ಜೆ ಹಿಂದೆ ಸರಿದೆ.

"ಮಗಳು ಫೋಟೋ ತೋರಿಸಿದ್ಲು," ಎಂದ. "ಕಪಾಟು ನೋಡ್ಲಿಲ್ಲ. ಬಾಗಿಲು ನೋಡ್ದೆ. ಆರಡಿ. ಕಟ್ಟಿದೋನು ನಾನಲ್ವಾ?"

"ಕಪಾಟೂ ಒಂಚೂರು ನೋಡೋ ಮಾರಾಯ."

"ಬಿಚ್ಚೋಕಾಗುತ್ತಾ?"

"ಭೂಕಂಪಕ್ಕೂ ಬಿಚ್ಚಲ್ಲ."

"ಹಾಗಾದ್ರೆ ಭೂಕಂಪ ಗೋಡೆಗಾಗ್ಲಿ. ಸರಿ ಆಚೆ, ಬಾಯಿಬಡುಕ."

ಮೊದಲ ಏಟಿಗೆ ಮೂರು ಬೀದಿಯ ಪಾರಿವಾಳಗಳು ಹಾರಿದವು. ಅವನು ಒಡೆದ, ನಾನು ಇಟ್ಟಿಗೆ ಹೊತ್ತೆ. ಎರಡು ವರ್ಷದ ಬೈಗುಳವನ್ನೆಲ್ಲ ಅವನು ಆ ಎರಡು ಗಂಟೆಯಲ್ಲಿ ಬೈದು ಮುಗಿಸಿದ. ಇಂಪಾಗಿತ್ತು.

ಕಪಾಟು ಆನೆಯಂತೆ ಹೊರಬಂತು. ತಳ್ಳುಗಾಡಿಯ ಮೇಲೆ ಮಲಗಿಸಿ ಬೀದಿಯ ನಡುವೆ ಹೊರಟೆವು. ಬಸ್ಸುಗಳೂ ನಿಂತು ದಾರಿ ಬಿಟ್ಟವು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅದು ಅಂಗಡಿಯ ಎತ್ತರದ ಶಟರಿನಡಿ ಸಲೀಸಾಗಿ ಒಳನುಗ್ಗಿ ಅಕ್ಕನ ಗೋಡೆಗೆ ಕೂದಲೆಳೆಯೂ ತೂರದಂತೆ ಕೂತಿತು. ಪರೀಕ್ಷೆಗೆ ಬಂದ ಹೆಂಗಸು ಗೂಡುಗಳನ್ನು ತಟ್ಟಿ ನೋಡಿ ಸಹಿ ಹಾಕಿದಳು.

ಅಕ್ಕ ಕಣ್ಣೊರೆಸಿಕೊಂಡು ಕೇಳಿದಳು, "ಇಷ್ಟು ದೊಡ್ಡದನ್ನ ಎಷ್ಟು ಜನ ತಂದ್ರೋ?"

'ಐದು ಸಾವಿರ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗುಮ್ಮ ನನ್ನನ್ನೇ ನೋಡುತ್ತಿದ್ದ.

"ಇಬ್ಬರು," ಎಂದೆ. "ಅದರಲ್ಲೊಬ್ಬ ಹತ್ತು ಆನೆಗೆ ಸಮ."

"ಯಾರು?"

ಸುಣ್ಣ ಮೆತ್ತಿದ ಹೆಬ್ಬೆರಳನ್ನು ಗುಮ್ಮ ನನ್ನ ಮೂಗಿನ ಮುಂದೆ ಎತ್ತಿ ಹಿಡಿದ. ನನಗೆ ಸಂದ ಹೆಬ್ಬೆರಳುಗಳಲ್ಲಿ ತೂಕವಿದ್ದದ್ದು ಅದೊಂದೇ.