ಕೋವಿ ಬಿಚ್ಚುವ ಮೊದಲಿನ ಕೆಲವು ಡ್ರಾಫ್ಟುಗಳು

1

ಎಲ್ಲಿಂದ ಶುರು ಮಾಡಲಿ? ಕೋವಿಯಿಂದ ಶುರು ಮಾಡಿದರೆ ನೀವು ಕಿವಿ ಮುಚ್ಚಿಕೊಳ್ಳಲು ಕೈ ಎತ್ತುತ್ತೀರಿ. ಇಳಿಸಿ. ಈ ಕೋವಿ ಸಿಡಿದು ಏಳು ವರ್ಷವಾಗಿದೆ. ಕಥೆ ಮುಗಿಯುವವರೆಗೆ ಮತ್ತೆ ಸಿಡಿಯುವುದಿಲ್ಲ, ಆ ಭಯ ಬೇಡ. ತ್ರಿವೇಣಿಯಿಂದ ಶುರು ಮಾಡೋಣವೆಂದರೆ ಅವಳು ಮುಖ ತಿರುಗಿಸುತ್ತಾಳೆ. ಹಾಗಾಗಿ ಚುನಾವಣೆಯಿಂದ ಶುರು ಮಾಡುತ್ತೇನೆ, ಯಾರ ಮನಸ್ಸಿಗೂ ನೋವಾಗದ ವಿಷಯ. (ಇದು ತಮಾಷೆ. ಮುಂದೆ ಹೆಚ್ಚು ಸಿಗುವುದಿಲ್ಲ.)

2004ರ ಏಪ್ರಿಲ್. ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಇರುವವರು ತಮ್ಮ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ವಾಪಸ್ ತರಬೇಕು. ಗುಬ್ಬಿ ಹತ್ತಿರದ ತೋಟದ ಮನೆಯ ಸಿದ್ದಗಂಗಯ್ಯನವರು ಪ್ರತಿ ಸಲವೂ ಹಾಗೇ ಮಾಡಿದ್ದರು. ಈ ಸಲ ತುಮಕೂರಿನಲ್ಲಿರುವ ಮಗಳು ತ್ರಿವೇಣಿಗೆ ಫೋನ್ ಮಾಡಿ, "ಗುರುವಾರ ಠಾಣೆಗೆ ಕೊಟ್‌ಬುಡ್ತೀನಿ ಕಣವ್ವ. ವಾಪಸ್ ತರಕ್ಕಿಲ್ಲ. ಲೈಸೆನ್ಸೂ ಬ್ಯಾಡ. ಕಣ್ಣಿಗೆ ಪೊರೆ ಬಂದವ್ನಿಗೆ ಕೋವಿ ಯಾಕೆ?" ಎಂದರು.

ಅಂದು ಮಂಗಳವಾರ.

"ನಾಳೆ ಬರ್ತೀನಿ ಅಪ್ಪ. ಕೊಡೋಕ್ ಮುಂಚೆ ಅದನ್ನ ಒಂದ್ಸಲ ಬಿಚ್ಚಿ ನೋಡ್ಬೇಕು."

ಆ ಕಡೆಯಿಂದ, "ಬಿಚ್ಚಿ ಏನ್ ನೋಡೀಯ? ಕೋವಿ ಒಳಗೆ ಕೋವಿನೇ ಇರ್ತದೆ."

2

ಈಗ ಕೋವಿಯ ಪರಿಚಯ ಮಾಡಿಕೊಡದೆ ಮುಂದೆ ಹೋಗುವಂತಿಲ್ಲ. ಪಾಯಿಂಟ್ ಟೂ ಟೂ ರೈಫಲ್. 1968ರಲ್ಲಿ ಕುಣಿಗಲ್ಲಿನ ನಿವೃತ್ತ ಸುಬೇದಾರರೊಬ್ಬರಿಂದ ಕೊಂಡದ್ದು, ಆಗಲೇ ಹಳೆಯದು. ಅದರ ತೋಟಾ, ಅಂದರೆ ಗುಂಡು, ಕಿರುಬೆರಳಿಗಿಂತ ಸಣ್ಣದು. ಅದರ ಹಿಂಬದಿಯ ಅಂಚಿಗೆ ಒಂದು ಪಿನ್ನು ಬಡಿದರೆ ಸಿಡಿಯುತ್ತದೆ. ಪಿನ್ನನ್ನು ತಳ್ಳಲು ಒಂದು ಸ್ಪ್ರಿಂಗು, ತಡೆದು ನಿಲ್ಲಿಸಲು ಒಂದು ಸಣ್ಣ ಕೊಂಡಿ, ಕೊಂಡಿಯನ್ನು ಬಿಡಿಸಲು ಟ್ರಿಗರು. ಇಷ್ಟೇ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ಇಂಥದೇ ರೈಫಲ್ ಹಿಡಿದಿದ್ದ ತ್ರಿವೇಣಿಗೆ ಇದೆಲ್ಲ ಬಾಯಿಪಾಠ.

ಸಿದ್ದಗಂಗಯ್ಯನವರು ಅದನ್ನಿಟ್ಟುಕೊಂಡದ್ದು ಎಳನೀರು ಹಾಳುಮಾಡುವ ಕೋತಿಗಳನ್ನು ಓಡಿಸಲು. ಒಂದು ಕೋತಿಯನ್ನೂ ಹೊಡೆದವರಲ್ಲ, ಮೇಲಕ್ಕೆ ಹಾರಿಸುತ್ತಿದ್ದರು. ಪ್ರತಿ ಆಯುಧಪೂಜೆಗೆ ಅದನ್ನು ಒರೆಸಿ, ವಿಭೂತಿ ಹಚ್ಚಿ, ತೋಟಾ ಹಾಕಿ ಮುಚ್ಚುವ ಬೋಲ್ಟಿನ ಸಂದಿಗೂ ಟ್ರಿಗರಿನ ಬುಡಕ್ಕೂ ಧಾರಾಳವಾಗಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ತಲೆಗೆ, ಬಾಗಿಲ ಕೀಲಿಗೆ, ಕರುವಿನ ಗಾಯಕ್ಕೆ, ಎಲ್ಲಕ್ಕೂ ಸ್ವಂತ ತೋಟದ ಎಣ್ಣೆಯೇ ಇರುವಾಗ ಕೋವಿಗೆ ಬೇರೆ ಎಣ್ಣೆ ತರಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ವರ್ಷ ವರ್ಷವೂ ಒಂದರ ಮೇಲೊಂದು ಕೂತರೆ ಧೂಳು ಸೇರಿ ಅಂಟಾಗುತ್ತದೆ. ಕೊಂಡಿ ಅಂಟಿನಲ್ಲಿ ಸಿಕ್ಕಿಕೊಂಡರೆ ಪೂರ್ತಿ ಮೇಲೇಳುವುದಿಲ್ಲ. ಆಗ ಬೋಲ್ಟ್ ಮುಚ್ಚಿದ ಏಟಿಗೇ ಪಿನ್ನು ಜಾರಿ ಗುಂಡು ಹಾರಬಹುದು, ಟ್ರಿಗರ್ ಮುಟ್ಟದೆಯೇ.

(ಈ "ಹಾರಬಹುದು" ಎಂಬುದನ್ನು ಎರಡು ಸಲ "ಹಾರುತ್ತದೆ" ಎಂದು ತಿದ್ದಿ, ಎರಡು ಸಲವೂ ಹಿಂದಕ್ಕೆ ತಂದಿದ್ದೇನೆ.)

3

ಮೊದಲ ಡ್ರಾಫ್ಟು: "ಜನವರಿಯ ಚಳಿ. ತೆಂಗಿನ ಸಾಲುಗಳ ನಡುವೆ ಬೆಳ್ಳಗೆ ಮಂಜು..."

ಬೇಡ. ಮಂಜನ್ನು ತಂದರೆ, ಯಾರಿಗೂ ಸರಿಯಾಗಿ ಕಾಣಲಿಲ್ಲ ಎಂಬ ನೆಪಕ್ಕೆ ಜಾಗವಾಗುತ್ತದೆ. ಆ ಬೆಳಗ್ಗೆ ಚಳಿಯಿತ್ತು. ಮಂಜಿರಲಿಲ್ಲ.

3 (ಮತ್ತೆ)

1997ರ ಜನವರಿ. ತ್ರಿವೇಣಿಯ ತಮ್ಮ ಶಿವಮೂರ್ತಿಗೆ ಆಗ ಇಪ್ಪತ್ತೊಂದು. ಕೋತಿಗಳು ಬಂದವೆಂದು ಕೋವಿ ತಂದ. ತೋಟದಲ್ಲಿ ಕಾಯಿ ಕೆಡವುವ ಮುದ್ದಯ್ಯ ಹತ್ತು ಮಾರು ಮುಂದೆ, ಮರಕ್ಕೆ ಎಡಗೈ ಊರಿಕೊಂಡು ನಿಂತಿದ್ದ. ಶಿವಮೂರ್ತಿ ತೋಟಾ ಹಾಕಿದ, ಬೋಲ್ಟ್ ಮುಚ್ಚಿದ, ಸಿಡಿಯಿತು. ಮುದ್ದಯ್ಯನ ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನೇ "ಮಚ್ಚು ಜಾರ್ತು ಸ್ವಾಮಿ" ಎಂದುಬಿಟ್ಟ. ಪೊಲೀಸರವರೆಗೆ ಹೋಗಲಿಲ್ಲ. ವಿಚಾರಣೆ ಸಂಜೆ ಜಗಲಿಯ ಮೇಲೆ ನಡೆಯಿತು.

"ಟ್ರಿಗರ್ ಮುಟ್ಟೇ ಇಲ್ಲ ಅಪ್ಪ. ಬೋಲ್ಟ್ ಮುಚ್ದೆ, ಅಷ್ಟೇಯ."

"ಮೂವತ್ತು ವರ್ಷ ನನ್ ಕೈಲಿ ತಾನಾಗೇ ಸಿಡೀದೆ ಇದ್ದದ್ದು, ನಿನ್ ಕೈಗೆ ಬರ್ತಿದ್ದಂಗೆ ಸಿಡೀತಾ? ಮಾಡ್ದೋನು ಒಪ್ಕೊಳ್ಳೋದ್ ಕಲೀಲಾ."

ಆಮೇಲೆ ಸಿದ್ದಗಂಗಯ್ಯನವರು ಮಗಳ ಕಡೆ ತಿರುಗಿದರು. ಕೋವಿ ಸಿಡಿದ ಹೊತ್ತಿಗೆ ಅವಳು ತೋಟದ ಪಂಪ್‌ಹೌಸಿನ ಬಾಗಿಲಲ್ಲಿದ್ದಳು. ಎನ್.ಸಿ.ಸಿ. ಸರ್ಟಿಫಿಕೇಟ್ ಇದ್ದವಳು. ಕೋವಿಯ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು.

"ನೀನ್ ಹೇಳವ್ವ. ಇವನ ಬೆರಳು ಎಲ್ಲಿತ್ತು?"

"ಟ್ರಿಗರ್ ಮೇಲಿತ್ತು."

ಶಿವಮೂರ್ತಿ ಅಕ್ಕನ ಮುಖವನ್ನೇ ನೋಡಿದ. ಮುಂದಿನ ವಾರ ಹಿರೇಹಳ್ಳಿಯ ಒಂದು ವರ್ಕ್‌ಶಾಪಿಗೆ ಫಿಟರ್ ಆಗಿ ಸೇರಿದ. ಹಿರೇಹಳ್ಳಿಯಿಂದ ಗುಬ್ಬಿಗೆ ಎರಡು ಬಸ್ಸು. ಏಳು ವರ್ಷದಲ್ಲಿ ಒಂದು ಸಲವೂ ಹತ್ತಲಿಲ್ಲ. ಕೋವಿಗೆ ಮತ್ತೆ ಯಾರೂ ಎಣ್ಣೆ ಬಿಡಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

"ಇಲ್ಲಿ ಒಂದು ಬಿಟ್ಟಿದೀರಿ" ಎನ್ನುತ್ತಾಳೆ ತ್ರಿವೇಣಿ. (ನನಗೆ. ನೀವು ಓದುತ್ತಿದ್ದೀರೆಂದು ಅವಳಿಗೆ ಗೊತ್ತಿಲ್ಲ.)

ಏನು ಬಿಟ್ಟೆ?

"ನಾನು ನೋಡಿದ್ನೋ ಇಲ್ವೋ ಅನ್ನೋದನ್ನ."

ಅದು ನಿಮಗೇ ಗೊತ್ತಿರಬೇಕಲ್ಲ.

"ಬರೆಯೋರು ನೀವು. ಅಲ್ಲಿ ಹೋಗಿ ನಿಂತು ನೋಡಿ."

ಹೋಗಿ ನಿಂತೆ. ಪಂಪ್‌ಹೌಸಿನ ಬಾಗಿಲಿನಿಂದ ಕಾಣುವುದು ಶಿವಮೂರ್ತಿಯ ಬೆನ್ನು, ಬಲಗೈಯ ಮೊಣಕೈ. ಬೆರಳು ಕಾಣುವುದಿಲ್ಲ.

"ಕಾಣಲ್ಲ ಅಲ್ವಾ?"

ಇಲ್ಲ.

"ಹಾಗಿದ್ರೆ ಹಾಗೇ ಬರೀರಿ."

ಬರೆದಿದ್ದೇನೆ. ಅಪ್ಪನಿಗೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿ, ನಾನೇ ಮೂರು ಕಾರಣ ಬರೆದು ತೋರಿಸಿದೆ: ಅಪ್ಪನ ಭಯ, ಗೊತ್ತಿಲ್ಲ ಎನ್ನಲು ನಾಚಿಕೆ, ಕೋವಿ ತಾನಾಗಿ ಸಿಡಿಯುವುದಿಲ್ಲ ಎಂಬ ಎನ್.ಸಿ.ಸಿ. ಪಾಠ. ಮೂರನ್ನೂ ಓದಿ, "ಇದ್ರಲ್ಲಿ ಯಾವ್ದನ್ನ ಹಾಕಿದ್ರೂ ನಾನು ಒಳ್ಳೆಯವಳ ಥರ ಕಾಣ್ತೀನಿ. ಬೇಡ" ಎಂದಳು.

4

ಬುಧವಾರ ಬೆಳಗ್ಗೆ ತೋಟದ ಮನೆ. ಅಂಗಳದ ಮಂಚದ ಮೇಲೆ ಪಂಚೆ ಬಿಡಿಸಿಟ್ಟ ಕೋವಿ. ತ್ರಿವೇಣಿ ಮೊದಲು ಬೋಲ್ಟ್ ಎಳೆದು, ಬಿಸಿಲಿಗೆ ಹಿಡಿದು, ಒಳಗೆ ತೋಟಾ ಇಲ್ಲವೆಂದು ಎರಡು ಸಲ ನೋಡಿದಳು. ಆಮೇಲೆ ಬೋಲ್ಟನ್ನು ರಪ್ಪೆಂದು ಮುಚ್ಚಿದಳು. ಪಿನ್ನು ಜಾರಲಿಲ್ಲ, ಕೊಂಡಿ ಹಿಡಿದು ನಿಂತಿತು. ಇನ್ನೊಮ್ಮೆ. ಹತ್ತು ಸಲ ಮಾಡಿದಳು. ಹತ್ತು ಸಲವೂ ಹಿಡಿಯಿತು.

"ನೋಡ್ದಾ?" ಎಂದರು ಸಿದ್ದಗಂಗಯ್ಯ.

"ಇದು ಏಪ್ರಿಲ್ಲು ಅಪ್ಪ. ಎಣ್ಣೆ ಮೆತ್ತಗಾಗಿರುತ್ತೆ. ಅವತ್ತು ಜನವರಿ."

ಅವರು ಮಂಚದ ಅಂಚಿಗೆ ಕೂತರು. ಎಣ್ಣೆಯ ಮಾತು ಆ ಮನೆಯಲ್ಲಿ ಬಂದದ್ದು ಅದೇ ಮೊದಲು. ಆದರೂ ಅವರು ಯಾವ ಎಣ್ಣೆ ಎಂದು ಕೇಳಲಿಲ್ಲ. ಅವರಿಗೂ ಎಂದೋ ಹೊಳೆದಿದೆ ಎಂದು ತ್ರಿವೇಣಿಗೆ ಆಗ ತಿಳಿಯಿತು.

"ನಿನ್ ತಮ್ಮ ಸುಳ್ಳು ಹೇಳ್ದ ಅಂತ ಕಾಣ್ಬೇಕಾ, ಇಲ್ಲ ನಿಮ್ಮಪ್ಪ ಎಣ್ಣೆ ಬಿಟ್ಟು ಒಬ್ಬನ ಕೈ ಕಳ್ದ ಅಂತ ಕಾಣ್ಬೇಕಾ? ಯಾವ್ದು ಬೇಕವ್ವ ನಿಂಗೆ?"

ಮುದ್ದಯ್ಯ ಪಾತಿಗೆ ನೀರು ತಿರುಗಿಸಿ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಅವನು ಮರ ಹತ್ತುವುದು ಬೆರಳು ಹೋದ ದಿನವೇ ನಿಂತಿತ್ತು.

"ನೀನೇ ಹೇಳಪ್ಪ ಮುದ್ದಯ್ಯ, ಬಿಚ್ಚೋದಾ ಬೇಡ್ವಾ?" ಎಂದಳು ತ್ರಿವೇಣಿ.

"ಬಿಚ್ಚುದ್ರೆ ನನ್ ಬೆರಳು ಒಳಗೆ ಅವ್ಯಾ ತ್ರಿವೇಣವ್ವ?" ಎಂದ ಮುದ್ದಯ್ಯ. ನಕ್ಕ. ಯಾರೂ ನಗದ್ದನ್ನು ಕಂಡು, "ನನ್ನ ಇವತ್ತಾರ ಕೇಳುದ್ರಲ್ಲ, ಬುಡಿ. ಅವತ್ತು ಜಗಲಿ ಮ್ಯಾಲೆ ಎಲ್ಲಾರ್ನೂ ಕೇಳುದ್ರಿ, ನನ್ನೊಬ್ಬನ್ ಬುಟ್ಟು" ಎಂದು ಪಾತಿಯ ಕಡೆ ಹೋದ.

(ಮುದ್ದಯ್ಯನಿಗೆ ಇನ್ನೂ ಎರಡು ಪುಟ ಕೊಡಬೇಕು. ಕೊಡದೆ ಮುಂದೆ ಹೋಗುತ್ತಿದ್ದೇನೆ. ನಾನೂ ಆ ಜಗಲಿಯವರಂತೆಯೇ.)

5

ಅದೇ ಮಧ್ಯಾಹ್ನ ಹಿರೇಹಳ್ಳಿ. ವರ್ಕ್‌ಶಾಪ್ ಎದುರಿನ ಹೋಟೆಲಿನಲ್ಲಿ ಅಕ್ಕ ತಮ್ಮ ಎದುರುಬದುರು ಕೂತಿದ್ದಾರೆ. ಶಿವಮೂರ್ತಿಗೆ ಈಗ ಇಪ್ಪತ್ತೆಂಟು. ಉಗುರ ಸಂದಿಯಲ್ಲಿ ಗ್ರೀಸು.

"ನಾಳೆ ಠಾಣೆಗೆ ಹೋಗ್ಬಿಡುತ್ತೆ ಕಣೋ. ಹೋದ್ರೆ ಮತ್ತೆ ಸಿಗಲ್ಲ. ನೀನು ಬಂದು ಬಿಚ್ಚು."

"ಹಳೇ ಮಾಲು ಅಕ್ಕ. ಸ್ಕ್ರೂ ತಲೆ ಸವ್ದಿರುತ್ತೆ. ಬಿಚ್ಚಿ ಸ್ಪ್ರಿಂಗ್ ಹಾರ್‌ಹೋದ್ರೆ ವಾಪಸ್ ಕೂರ್ಸಕ್ಕಾಗಲ್ಲ. ಚೂರು ಚೂರು ತಗೊಂಡ್ ಹೋದ್ರೆ ಠಾಣೇಲಿ ಅಪ್ಪನ್ನ ಸುಮ್ನೆ ಬಿಡ್ತಾರಾ?"

"ಒಳಗೆ ಅಂಟು ಇದ್ರೆ?"

"ಇದ್ರೆ? ಅದು ಅವತ್ತೇ ಅಂಟಾಗಿತ್ತೋ, ಏಳು ವರ್ಷ ಅಟ್ಟದ ಮೇಲಿದ್ದು ಅಂಟಾಯ್ತೋ, ಯಾರು ಹೇಳ್ತಾರೆ? ಕೊಂಡಿ ಎಳೆದ ತಕ್ಷಣ ಅದು ಹೆಂಗೆ ಕೂತಿತ್ತು ಅನ್ನೋದೂ ಹೋಗುತ್ತೆ." ಅವನು ಟೀ ಲೋಟವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದ. "ಇಷ್ಟ್ ವರ್ಷ ಆದ್ಮೇಲೆ ನಿಂಗ್ಯಾಕೆ ಡೌಟು? ನೀನೇ ಕಣ್ಣಾರೆ ನೋಡಿದೀಯಲ್ಲ."

ಇಲ್ಲಿ ನಾನು ಬಸ್ಸಿನ ಹಾರ್ನ್ ಹಾಕಿದ್ದೆ. ಒಂದು ಡ್ರಾಫ್ಟಿನಲ್ಲಿ ಸಪ್ಲೈಯರ್ ಬಂದು ಇನ್ನೇನು ಬೇಕು ಎಂದು ಕೇಳುತ್ತಾನೆ. ತ್ರಿವೇಣಿ ಎರಡನ್ನೂ ಹೊಡೆದುಹಾಕಿಸಿದಳು.

"ನಾನ್ ನೋಡ್ಲಿಲ್ಲ" ಎಂದಳು. "ನೀನು ನಂಗೆ ಬೆನ್ನು ಹಾಕಿದ್ದೆ. ಬೆರಳು ಕಾಣ್ಲಿಲ್ಲ. ಅಪ್ಪ ಕೇಳಿದ್ರು, ಹೇಳ್ಬಿಟ್ಟೆ."

ಶಿವಮೂರ್ತಿ ಸಿಟ್ಟಾಗಲಿಲ್ಲ. ಸಿಟ್ಟಾಗುತ್ತಾನೆಂದು ಅವಳೂ ನಾನೂ ತಯಾರಾಗಿ ಕೂತಿದ್ದೆವು. ಅವನಿಗೆ ಬೈಗುಳ ಕೂಡ ಬರೆದಿಟ್ಟಿದ್ದೆ. ಅವನು ತನ್ನ ಬಲಗೈಯ ತೋರುಬೆರಳನ್ನು, ಯಾರೋ ಬೇರೆಯವರದ್ದೆಂಬಂತೆ, ನೋಡುತ್ತಾ ಕೂತ.

"ಮೊದಮೊದ್ಲು ನಂಗೆ ಗ್ಯಾರಂಟಿ ಇತ್ತು ಅಕ್ಕ, ಮುಟ್ಟಿಲ್ಲ ಅಂತ. ಆಮೇಲೆ ಅಂದ್ಕೊಂಡೆ, ಅಕ್ಕ ಸುಳ್ಳು ಹೇಳೋಳಲ್ಲ, ನೋಡಿರ್ತಾಳೆ, ನಂಗೇ ಗೊತ್ತಾಗಿಲ್ಲ ಅಂತ. ಹಂಗೇ ನಂಬ್ಕೊಂಡ್ ಬಂದೆ. ಈಗ ಅವತ್ತಿಂದು ನೆನಪು ಮಾಡ್ಕೊಂಡ್ರೆ ಬೆರಳು ಟ್ರಿಗರ್ ಮೇಲೇ ಇರುತ್ತೆ."

ಅವನು ಬೆರಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟ.

"ಈಗ ನೋಡ್ಲಿಲ್ಲ ಅಂತೀಯ. ನಾನ್ ಯಾರನ್ ಕೇಳ್ಲಿ?"

6

ಇಲ್ಲಿಗೆ ಮೂರು ಮುಕ್ತಾಯಗಳನ್ನು ಬರೆದಿದ್ದೆ.

ಮೊದಲನೆಯದರಲ್ಲಿ ಕೋವಿ ಬಿಚ್ಚುತ್ತಾರೆ, ಒಳಗೆ ಅರಗಿನಂಥ ಅಂಟು. ಸಿದ್ದಗಂಗಯ್ಯ ಮಗನ ಕೈ ಹಿಡಿದು ಅಳುತ್ತಾರೆ. ಶಿವಮೂರ್ತಿ ಒಪ್ಪಲಿಲ್ಲ: "ಅಪ್ಪನ್ನ ಅಳ್ಸಿ ನಂಗೇನಾಗ್ಬೇಕು? ನನ್ ಪ್ರಶ್ನೆ ಹಂಗೇ ಇರುತ್ತೆ."

ಎರಡನೆಯದರಲ್ಲಿ ಒಳಗೆಲ್ಲ ಹೊಸದರಂತೆ ಸ್ವಚ್ಛ. ಅದನ್ನು ತ್ರಿವೇಣಿಗೆ ತೋರಿಸುವ ಧೈರ್ಯವಾಗಲಿಲ್ಲ. ಸುಳ್ಳು ಹೇಳಿಯೂ ಅದೇ ನಿಜವಾಗಿಬಿಡುವುದು ಅವಳಿಗೆ ಬಿಡುಗಡೆಯೋ ಶಿಕ್ಷೆಯೋ, ನನಗೆ ಗೊತ್ತಾಗಲಿಲ್ಲ.

ಮೂರನೆಯದರಲ್ಲಿ ಬಿಚ್ಚದೆಯೇ ಠಾಣೆಗೆ ಕೊಟ್ಟುಬಿಡುತ್ತಾರೆ. ಇದು ನನಗೆ ಹಿಡಿಸಿತ್ತು. ಅದಕ್ಕೇ ಅನುಮಾನ ಬಂದು ಬಿಟ್ಟೆ.

7

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಶಿವಮೂರ್ತಿ ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ತೋಟದ ಮನೆಗೆ ಬಂದ. ಇದು ಡ್ರಾಫ್ಟಲ್ಲ, ಬಂದ. ಅಕ್ಕ ನೀರು ಕೊಟ್ಟಳು. ಅಪ್ಪ "ಯಾವ ಬಸ್ಸಿಗೆ ಬಂದೆ?" ಎಂದರು. ಅವನು ಹೇಳಿದ. ಏಳು ವರ್ಷಕ್ಕೆ ಅಷ್ಟೇ ಮಾತಾಯಿತು.

ತ್ರಿವೇಣಿ ನಿಂತುಕೊಂಡೇ, ಹೋಟೆಲಿನಲ್ಲಿ ಹೇಳಿದ್ದನ್ನು ಅಪ್ಪನ ಮುಂದೆ ಇನ್ನೊಂದು ಸಲ ಹೇಳಿದಳು. ಮುದ್ದಯ್ಯನನ್ನೂ ಕರೆಸಿಕೊಂಡು ಹೇಳಿದಳು. ಮುದ್ದಯ್ಯ "ಹ್ಞೂಂ" ಎಂದ. ಸಿದ್ದಗಂಗಯ್ಯ ಕಂಬದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಶಿವಮೂರ್ತಿ ಮಂಚದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ಕ್ರೂಡ್ರೈವರಿನ ತುದಿಯನ್ನು ಮೊದಲ ಸ್ಕ್ರೂವಿನ ಗೀರಿಗೆ ಹೊಂದಿಸಿ ತಲೆ ಎತ್ತಿದ.

"ಅಪ್ಪ?"

ಸಿದ್ದಗಂಗಯ್ಯ ಕುಕ್ಕುರುಗಾಲಲ್ಲಿ ಸರಿದು ಸರಿದು ಮಗನ ಪಕ್ಕಕ್ಕೆ ಬಂದರು.

"ಈ ಕಡೀಕ್ ತಿರುಗ್ಕೊಂಡ್ ಕೂತ್ಕಳ್ಲಾ. ನಂಗೂ ಕಾಣ್ಲಿ."

ಠಾಣೆಗೆ ಸಂಜೆಯೊಳಗೆ ಹೋದರಾಯಿತು, ಹೊತ್ತಿದೆ. ಒಳಗೇನಿದೆ ಎಂದು ಹೇಳಿಬಿಡಿ ಎನ್ನುತ್ತೀರಿ. ನಾನು ನೋಡಿಲ್ಲ.