ಒಂದು ಗೇಣು ಜಾಗ

ಸಂಜೆ ಐದೂಕಾಲಿಗೆ ಕಟಿಂಗ್ ಮಾಸ್ತರ ಕಡಲ ದಂಡೆಯಲ್ಲಿ ಚಪ್ಪಲಿ ಬಿಚ್ಚಿದ. ಹೆಂಡತಿಯ ಮನೆಯವರ ಜೊತೆ ಫೋಟೋಕ್ಕೆ ನಿಲ್ಲುವುದು ಅವನಿಗೆ ಇದೇ ಕೊನೆ. ಆ ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿಗೆ ಮಾತ್ರ.

ಬೇರೆಯಾಗುವ ತೀರ್ಮಾನ ಆಗಲೇ ಆಗಿಹೋಗಿತ್ತು. ದೊಡ್ಡ ಜಗಳವೇನೂ ನಡೆದಿರಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಮಾತು ಸವೆಯುತ್ತ ಸವೆಯುತ್ತ 'ಗ್ಯಾಸ್ ಬಂತಾ', 'ಬೀಗದ ಕೈ ಎಲ್ಲಿ' ಎಂಬಲ್ಲಿಗೆ ಬಂದು ನಿಂತಿತ್ತು. ಅವಳು ತಾನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿಕೊಂಡಿದ್ದಳು. ಸಹಿ ಹಾಕಲು ವಕೀಲರು ಮುಂದಿನ ತಿಂಗಳು ಬರಹೇಳಿದ್ದರು. ಉಳಿದಿದ್ದದ್ದು ಅವಳ ಅಪ್ಪನಿಗೆ ಹೇಳುವ ಕೆಲಸ. ಅವರು ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಕಳೆದ ವರ್ಷ ಎಡಭಾಗಕ್ಕೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರು ಹಟದಿಂದಲೇ ಎದ್ದು ಓಡಾಡುತ್ತಿದ್ದರು. ಎಡಗಾಲು ಮಾತ್ರ ಹೇಳಿದ ಮಾತನ್ನು ಇನ್ನೂ ಪೂರ್ತಿ ಕೇಳುತ್ತಿರಲಿಲ್ಲ.

"ಫೋಟೋ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ" ಎಂದಿದ್ದಳು ಹೆಂಡತಿ. "ನೀನು ಬರದೇ ಇದ್ರೆ ಅಳಿಯ ಎಲ್ಲಿ ಅಂತ ಅಲ್ಲೇ ಶುರು ಮಾಡ್ತಾರೆ. ಬಾ. ತುದೀಲಿ ನಿಂತ್ಕೋ."

ತುದಿ ಯಾಕೆಂದು ಅವನು ಕೇಳಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಬಟ್ಟೆ ಕತ್ತರಿಸುವವನು. ಸೀಮೆಸುಣ್ಣದ ಗೆರೆಯಿಂದ ಆಚೆ ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಫೋಟೋದಲ್ಲಿ ಎಲ್ಲರ ಬಟ್ಟೆ ಒಂದೇ ಬಣ್ಣದ್ದಿರಬೇಕು, ಮರಳಿಗೆ ಹೊಂದಬೇಕು, ಅಚ್ಚ ಬಿಳಿ ಮಾತ್ರ ಬೇಡ ಎಂದು ಫೋಟೋದವಳು ಮೊದಲೇ ಹೇಳಿದ್ದಳು. ಅತ್ತೆ ಆ ಕೆಲಸವನ್ನು ಅಳಿಯನ ತಲೆಗೆ ಕಟ್ಟಿದ್ದರು. ಕಾರ್ಖಾನೆಯ ಹಿಂಭಾಗದಲ್ಲಿ ಗೋಡೆಯಿಂದ ಗೋಡೆಗೆ ಚಾಚಿಕೊಂಡ ಮೇಜಿನ ಮೇಲೆ, ಊಟದ ಬಿಡುವಿನಲ್ಲಿ, ಒಂದೇ ತಾನಿನಿಂದ ಎಲ್ಲರ ಬಟ್ಟೆಯನ್ನೂ ಅವನೇ ಕತ್ತರಿಸಿದ್ದ. ಮಾವನ ಅಂಗಿಯ ಎಡಭುಜವನ್ನು ಅರ್ಧ ಬೆರಳಿನಷ್ಟು ತಗ್ಗಿಸಿದ್ದ. ಕಾಯಿಲೆಯಾದಮೇಲೆ ಆ ಭುಜ ಜೋತುಬಿದ್ದಿತ್ತು. ಅಂಗಡಿಯ ಅಂಗಿ ಹಾಕಿಕೊಂಡರೆ ಅಲ್ಲೊಂದು ನೆರಿಗೆ ಎದ್ದು ಜೋತದ್ದನ್ನು ಸಾರಿ ಹೇಳುತ್ತಿತ್ತು. ತಗ್ಗಿಸಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ ಮಾವ, "ನೋಡಿದ್ಯಾ, ಭುಜ ಸರಿಹೋಗ್ತಾ ಇದೆ" ಎಂದು ಅತ್ತೆಗೆ ಹೇಳಿದ್ದರಂತೆ.

ಫೋಟೋದವಳು ಐವತ್ತರ ಆಸುಪಾಸಿನ ಗಟ್ಟಿಗಿತ್ತಿ. ತಲೆಗೆ ಟೋಪಿ, ಮಂಡಿಯವರೆಗೆ ಮಡಚಿದ ಪ್ಯಾಂಟು. ಮೂರು ಕಾಲಿನ ಸ್ಟ್ಯಾಂಡನ್ನು ಮರಳಿಗೆ ಒತ್ತಿ ಕೂರಿಸಿ, ಗಾಳಿಗೆ ಅಲುಗದಂತೆ ಅದರ ನಡುವಿಗೆ ಮರಳಿನ ಚೀಲ ನೇತುಹಾಕಿದ್ದಳು. ಬಂದವರನ್ನೆಲ್ಲ ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಬಿಸಿಲು ಒಂದು ಬದಿಯಿಂದ ಬರುತ್ತಿತ್ತು.

"ಯಾರೂ ಸೂರ್ಯನ್ನ ನೋಡ್ಬೇಡಿ, ಕಣ್ಣು ಚಿಕ್ಕದಾಗುತ್ತೆ. ನನ್ನ ನೋಡಿ. ನೋಡೋಕೆ ನಾನೇನು ಅಷ್ಟು ಚೆನ್ನಾಗಿಲ್ಲ, ಆದರೂ ನೋಡಿ."

ಹೆಂಡತಿಯ ತಮ್ಮನಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಭಾವ, ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಳ್ಳಿ. ಹಿಂದೆ ಸಮುದ್ರ ಕಾಣ್ಬೇಕಂತೆ."

"ನಿನ್ನ ಸೊಂಟದ ಅಳತೆ ತಗೊಂಡೋನು ನಾನು. ಹೇಳ್ಲಾ ಎಲ್ಲರ ಮುಂದೆ?"

"ಹೇಳಿ ಅಣ್ಣ" ಎಂದಳು ರೇಡಿಯೋನ ಹೆಂಡತಿ, ಮಗಳು ಪುಟ್ಟಿಯನ್ನು ಎತ್ತಿಕೊಂಡು. "ನಂಗೂ ನಿಜ ಹೇಳಿಲ್ಲ ಇವ್ರು."

ಅಷ್ಟರಲ್ಲಿ ಅವನ ಹೆಂಡತಿ ಫೋಟೋದವಳ ಹತ್ತಿರ ಹೋಗಿ ಏನೋ ಹೇಳಿದಳು. ಫೋಟೋದವಳು ಒಮ್ಮೆ ಮಾಸ್ತರನನ್ನು ನೋಡಿ ತಲೆಯಾಡಿಸಿದಳು. ಇಂಥ ಮಾತು ಅವಳ ಕಿವಿಗೆ ಹೊಸದಿರಲಾರದು. ಒಂದು ತುದಿಗೆ ರೇಡಿಯೋನ ಸಂಸಾರ, ಆಮೇಲೆ ಅತ್ತೆ, ಮಾವ, ಅವನ ಹೆಂಡತಿ, ಕೊನೆಗೆ ಅವನು. ಹೀಗೆ ನಿಲ್ಲಿಸಿ, ಅವನಿಗೂ ಹೆಂಡತಿಗೂ ನಡುವೆ ತನ್ನ ಅಂಗೈಯನ್ನು ಅಗಲಿಸಿ ಹಿಡಿದಳು. ಒಂದು ಗೇಣು.

"ಇಷ್ಟು ಜಾಗ ಇರ್ಲಿ. ತಾಗ್ಬಾರ್ದು."

"ಗಾಳಿ ಆಡ್ಲಿ ಅಂತಾನಾ?" ಎಂದ ರೇಡಿಯೋ.

ಪುಟ್ಟಿ ಅಳಲು ಶುರುಮಾಡಿತು. ಅಮ್ಮ ಬೇಡ, ಅಪ್ಪ ಬೇಡ, ಅಜ್ಜಿಯೂ ಬೇಡ, ಸೋದರತ್ತೆಯೇ ಬೇಕು. ಮಾಸ್ತರನ ಹೆಂಡತಿ ಆ ಬದಿಗೆ ಹೋಗಿ ಮಗುವನ್ನು ಕಂಕುಳಿಗೆ ಏರಿಸಿಕೊಂಡಮೇಲೆ ಅಳು ನಿಂತಿತು. ಇಳಿಸಿದರೆ ಮತ್ತೆ ಶುರು. "ಅಲ್ಲೇ ಇರಿ, ಬೆಳಕು ಓಡ್ತಿದೆ" ಎಂದಳು ಫೋಟೋದವಳು. ಹೀಗಾಗಿ ಮಾಸ್ತರನ ಪಕ್ಕಕ್ಕೆ ಮಾವ ಬಂದರು. ಗೇಣು ಜಾಗ ಈಗ ಅವರಿಬ್ಬರ ನಡುವೆ.

"ಯಜಮಾನ್ರೇ, ಸ್ಟೂಲ್ ಇದೆ, ಹಾಕ್ಲಾ?"

"ಯಾಕೆ, ಕೂದಲು ಕತ್ತರಿಸ್ತೀರಾ? ನಿಲ್ತೀನಿ" ಎಂದು ಮಾವ ಊರುಗೋಲನ್ನು ಕೂಡ ಮನೆಯವರು ಬದಿಗಿಟ್ಟಿದ್ದ ಚೀಲಗಳ ಮೇಲೆ ಎಸೆದರು.

ಮಾಸ್ತರ ನೆಲ ನೋಡಿದ. ಬಿಸಿಲು ಅವನ ಬದಿಯಿಂದಲೇ ಬರುತ್ತಿದ್ದುದರಿಂದ ಅವನ ನೆರಳು ಮಾವನ ಪಾದ ದಾಟಿ ಅತ್ತೆಯ ಸೆರಗಿನವರೆಗೂ ಚಾಚಿತ್ತು. ಫೋಟೋದಿಂದ ಆಳನ್ನು ಕತ್ತರಿಸಿ ತೆಗೆದು ನೆರಳು ಉಳಿಸಿದರೆ ಅದು ಹಾಳು ಕೆಲಸ. ಅವನು ಅರ್ಧ ಹೆಜ್ಜೆ ಹಿಂದೆ ಸರಿದ. ನೆರಳು ಅವರ ಬೆನ್ನ ಹಿಂದಕ್ಕೆ ಹೋಯಿತು. ಮಾವನ ಕಡೆಯ ಕೈಯನ್ನೂ ಬೆನ್ನಿಗೆ ಕಟ್ಟಿಕೊಂಡ.

ಫೋಟೋದವಳು ಅವನ ಕಾಲರ್ ಸರಿಮಾಡುವ ನೆಪದಲ್ಲಿ ಹತ್ತಿರ ಬಂದಳು. "ನೀವೂ ನಮ್ಮ ಕಸುಬಿನವ್ರಾ?"

"ಬಟ್ಟೆ ಕತ್ತರಿಸ್ತೀನಿ."

ಅವಳು ಕಾಲರ್ ಬಿಟ್ಟು ವಾಪಸು ಹೋದಳು.

ಒಂದಾದ ಮೇಲೊಂದು ಫೋಟೋ ತೆಗೆದಳು. ಎಲ್ಲವೂ ಅಚ್ಚುಕಟ್ಟು. ಮಾವ ಮಾತ್ರ ಭಾರದ ಪೆಟ್ಟಿಗೆಯೊಂದನ್ನು ಹಡಗಿಗೆ ಇಳಿಸುತ್ತಿರುವವರಂತೆ ಮುಖ ಬಿಗಿದುಕೊಂಡಿದ್ದರು.

"ಸ್ವಲ್ಪ ನಗಿ, ಯಜಮಾನ್ರೇ."

"ನಗ್ತಾನೇ ಇದೀನಲ್ಲ."

"ನಮ್ಮ ಮದುವೇಲೂ ಇಷ್ಟೇ ನಕ್ಕಿದ್ದು" ಎಂದರು ಅತ್ತೆ. "ನೀವು ತೆಗೀರಿ."

ಕೊನೆಯದಕ್ಕೆ ಎಲ್ಲರನ್ನೂ ನೀರಿನ ಅಂಚಿಗೆ ಸರಿಸಿದಳು. ಪಾದ ಒದ್ದೆಯಾದರೆ ಮುಖ ತಾನಾಗಿ ಸಡಿಲಾಗುತ್ತದೆ ಎಂಬುದು ಅವಳ ಅನುಭವ. ಮಾಸ್ತರ ಅಲ್ಲೂ ಗೇಣು ಜಾಗ ನೋಡಿಕೊಂಡೇ ನಿಂತ. ಹಿಂದಿನಿಂದ ಒಂದು ತೆರೆ ಬಂದು ಕಾಲು ತೊಯಿಸಿತು. ಹಿಂದಿರುಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು.

ಮಾವನ ಪ್ಯಾಂಟಿನ ಇಸ್ತ್ರಿ ಗೆರೆ ನಡುಗುವುದನ್ನು ಮಾಸ್ತರ ಕಂಡ. ಎಡ ಹಿಮ್ಮಡಿ ಕುಸಿಯುತ್ತಿತ್ತು. ಅವರು ಯಾರನ್ನೂ ಕೂಗಲಿಲ್ಲ, ಮುಖವನ್ನು ಕ್ಯಾಮೆರಾದಿಂದ ತಿರುಗಿಸಲೂ ಇಲ್ಲ. ಎಡಗೈ ಮಾತ್ರ ಸೊಂಟದ ಎತ್ತರಕ್ಕೆ ಎದ್ದು, ಬೆರಳುಗಳನ್ನು ಬಿಡಿಸಿಕೊಂಡು, ಆ ಗೇಣು ಜಾಗದಲ್ಲಿ ಏನನ್ನೋ ಹುಡುಕಿತು. ಕಾಯಿಲೆಯಾದಮೇಲೆ ಆ ಕೈ ಅದಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಆ ತುದಿಯಿಂದ ಹೆಂಡತಿಯೂ ಅದನ್ನು ನೋಡಿದಳು. ಅವಳ ಕಂಕುಳಲ್ಲಿ ಮಗು. 'ಅಪ್ಪನ್ನ ಹಿಡ್ಕೋ' ಎಂದು ಕೂಗಿದರೆ ಅಪ್ಪ ಆ ಸಂಜೆಯಿಡೀ ಮಾತು ಬಿಡುತ್ತಿದ್ದರು. ಅವಳು ಕೂಗಲಿಲ್ಲ; ಗಂಡನ ಕಡೆಗೆ ನೋಡಿದಳು, ಅಷ್ಟೆ.

ಮಾಸ್ತರ ಬೆನ್ನ ಹಿಂದಿನ ಕೈ ತೆಗೆದು ಒಂದು ಹೆಜ್ಜೆ ಒಳಗೆ ಬಂದ. ಮಾವನ ಮುಷ್ಟಿ ಅವನ ತೋಳಿನ ಬಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು.

"ಅಷ್ಟು ದೂರ ನಿಂತು ಏನ್ ಮಾಡ್ತಿದ್ದೆ, ಮಾಸ್ತರೇ?" ಎಂದರು ಮಾವ, ಮುಂದೆ ನೋಡುತ್ತಲೇ.

"ಅಲ್ಲೇ ನಿಲ್ಲು ಅಂದ್ರು."

"ಯಾರು?"

"ಫೋಟೋದವ್ರು."

"ಅವ್ರಿಗೇನ್ ಗೊತ್ತು."

ಆಗ ಎರಡನೆಯ ತೆರೆ ಬಂತು. ರೇಡಿಯೋ ಇನ್ನೇನೋ ಹೇಳಲು ಬಾಯಿ ತೆರೆದಿದ್ದ. ನೀರು ಮಂಡಿಗೆ ಹೊಡೆದ ರಭಸಕ್ಕೆ ಹೊಸ ಬಟ್ಟೆಯಲ್ಲೇ ದೊಪ್ಪನೆ ಕೂತುಬಿಟ್ಟ. ಜೀವಮಾನದಲ್ಲಿ ಮೊದಲ ಬಾರಿ ಅವನ ಬಾಯಿಂದ ಮಾತು ಹೊರಡಲಿಲ್ಲ. ಮಾವ ನಕ್ಕರು. ಬಾಯಿ ತುಂಬ, ಹಲ್ಲು ಬಿದ್ದ ಜಾಗವೂ ಕಾಣುವಂತೆ ನಕ್ಕರು. ಮುಷ್ಟಿಯನ್ನು ಮಾತ್ರ ಸಡಿಲಿಸಲಿಲ್ಲ. ಫೋಟೋದವಳ ಬೆರಳು ಆ ಕ್ಷಣಕ್ಕೇ ಗುಂಡಿ ಒತ್ತಿತು.

ಉಳಿದವರು ರೇಡಿಯೋನನ್ನು ಒರೆಸುತ್ತಿದ್ದಾಗ ಫೋಟೋದವಳು ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ಮಾಸ್ತರನ ಹೆಂಡತಿಗೆ ತೋರಿಸಿದಳು. ಮಾಸ್ತರ ಪಕ್ಕದಲ್ಲೇ ಕಾಲಿನ ಮರಳು ಒದರುತ್ತಿದ್ದ.

"ನೀವು ಹೇಳಿದಂಗೆ ಜಾಗ ಬಿಟ್ಟಿರೋದು ಬೇಕಾದಷ್ಟಿವೆ. ಎಲ್ಲಿ ಬೇಕಾದ್ರೂ ಕತ್ತರಿಸ್ಬಹುದು. ಯಜಮಾನ್ರು ನಕ್ಕಿರೋದು ಮಾತ್ರ ಇದೊಂದೇ ಕಡೆ."

"ಇದನ್ನ ಕತ್ತರಿಸೋಕಾಗಲ್ವಾ?"

"ಆಗುತ್ತೆ. ನಿಮ್ಮ ತಂದೆ ಕೈ ಮಣಿಕಟ್ಟಿಗೇ ನಿಂತುಹೋಗುತ್ತೆ."

ಹೆಂಡತಿ ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಅಪ್ಪನ ಮುಷ್ಟಿ, ಅದರೊಳಗೆ ಮುದುಡಿದ ಬಟ್ಟೆ. ಗಂಡನ ಕಡೆ ತಿರುಗಿ, "ನಿನಗೇನಾದ್ರೂ ತೊಂದರೆನಾ?" ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಅವಳು ಗ್ಯಾಸು, ಬೀಗ ಬಿಟ್ಟು ಬೇರೆ ವಿಷಯ ಕೇಳಿದ್ದಳು.

"ನನಗೇನು" ಎಂದ ಅವನು.

"ಹಾಗಾದ್ರೆ ಇದೇ ಇರ್ಲಿ. ಪೂರ್ತಿ."

ಮರುದಿನ ಮಧ್ಯಾಹ್ನ ಅವಳು ಅಪ್ಪನಿಗೆ ವಿಷಯ ತಿಳಿಸಿದಳು. ಅವರು ಕಾರಣ ಕೇಳಲಿಲ್ಲ. ಒಂದೇ ಮಾತು ಕೇಳಿದರು. "ನನ್ನ ಅಂಗಿ ಇನ್ನು ಯಾರು ಹೊಲೀತಾರೆ? ಈ ಭುಜದ ಲೆಕ್ಕ ಗೊತ್ತಿರೋದು ಅವನೊಬ್ಬನಿಗೇ."

ಅಂಗಿಯ ಭುಜ ತಗ್ಗಿಸಿದ್ದು ಅವರಿಗೆ ಗೊತ್ತಿತ್ತೆಂಬುದು ಮಾಸ್ತರನಿಗೆ ತಿಳಿದದ್ದು ಹೆಂಡತಿ ಈ ಮಾತನ್ನು ಫೋನಿನಲ್ಲಿ ಹೇಳಿದಾಗ.

ಮುಂದಿನ ತಿಂಗಳು ವಕೀಲರ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದರು. ಫೋಟೋ ಕತ್ತರಿಸದೆ ಚೌಕಟ್ಟು ಹಾಕಿಸಿಕೊಂಡು ಮಾವನ ಮನೆಯ ಹೊರಕೋಣೆಗೆ ಬಂತು. ಅದಾದ ಎರಡನೆಯ ವಾರ, ಊಟದ ಬಿಡುವಿನ ಹೊತ್ತಿಗೆ, ಮಾವ ಕಂಕುಳಲ್ಲಿ ಬಟ್ಟೆಯ ಪೊಟ್ಟಣ ಹಿಡಿದು, ಊರುಗೋಲು ಊರಿಕೊಂಡು ಕಾರ್ಖಾನೆಯ ಹಿಂದಿನ ಬಾಗಿಲಿಗೆ ಬಂದರು. ಮಾಸ್ತರ ಕುತ್ತಿಗೆಯಿಂದ ಟೇಪು ತೆಗೆದು ಎಡಭುಜದಿಂದ ಅಳತೆ ಶುರುಮಾಡಿದ.