ತಣ್ಣಗಿನ ಬಾನೆಟ್

ಹಳೆಯ ಕಾರು ನೋಡಲು ಹೋದಾಗ ಮೊದಲು ಮಾತಾಡಬಾರದು, ಬಾನೆಟ್ ಮೇಲೆ ಕೈ ಇಡಬೇಕು ಎಂದು ಕಾಜ್ ಹೇಳುತ್ತಿದ್ದ. ಬೆಚ್ಚಗಿದ್ದರೆ ಮಾರುವವನು ಆಗಲೇ ಎಂಜಿನ್ ಓಡಿಸಿಟ್ಟಿದ್ದಾನೆ, ತಣ್ಣಗಿನ ಎಂಜಿನ್ನಿನ ನಿಜ ನಮಗೆ ಗೊತ್ತಾಗುವುದು ಅವನಿಗೆ ಬೇಕಿಲ್ಲ. ಅದಕ್ಕೇ ಹೇಳಿದ ಹೊತ್ತಿಗಿಂತ ಮುಂಚೆ ಹೋಗಬೇಕು.

ಹಾಗಾಗಿ ಆ ಗುರುವಾರ ನಾನೂ ನನ್ನ ಅತ್ತೆ ವಾಂಡಾ ಅವರೂ ಡೆಟ್ರಾಯಿಟ್ ಬಿಟ್ಟು ಬೀಟ್ರೂಟ್ ಹೊಲಗಳ ನಡುವಿನ ಒಂದು ಮನೆಯನ್ನು ಒಂದು ಗಂಟೆ ಮುಂಚೆಯೇ ತಲುಪಿದೆವು. ಕಾಜ್ ಅತ್ತೆಯ ಮಗ, ನನ್ನ ಗಂಡ. ಹೋದ ಬೇಸಿಗೆಯಲ್ಲಿ ತೀರಿಕೊಂಡ.

ಕಾರು ಶನಿವಾರಕ್ಕೆ ಬೇಕಿತ್ತು. ಆಗಸ್ಟ್‌ನಲ್ಲಿ ಒಂದು ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳೆಲ್ಲ ಮೆರವಣಿಗೆ ಹೊರಡುತ್ತವೆ. ಕಾಜ್‌ನ ಗೆಳೆಯರು ಮುಚ್ಚಿಹೋದ ಬೌಲಿಂಗ್ ಹಾಲಿನ ಮುಂದೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರಲ್ಲೊಬ್ಬರು ಹೋಗಿಬಿಟ್ಟರೆ ಅವರ ಜಾಗವನ್ನು ಒಂದು ವರ್ಷ ಖಾಲಿ ಬಿಡುತ್ತಾರೆ. ಮರುವರ್ಷದ ಆ ಶನಿವಾರ ಮಧ್ಯಾಹ್ನದೊಳಗೆ ಆ ಮನೆಯ ಕಾರೊಂದು ತಾನಾಗಿ ಓಡಿಕೊಂಡು ಬಂದರೆ ಜಾಗ ಮನೆಯವರದೇ. ಬರದಿದ್ದರೆ ಕಾದು ಕುಳಿತ ಬೇರೆಯವರಿಗೆ. ಟ್ರೈಲರ್ ಮೇಲೆ ಹೇರಿಕೊಂಡು ಬಂದದ್ದು ಲೆಕ್ಕಕ್ಕಿಲ್ಲ. ಕಾಜ್‌ನದು ಮೂಲೆಯ ಜಾಗ, ಮರದ ನೆರಳಿನದು. ಅವನ ಕಾರನ್ನು ಕಾಯಿಲೆ ಬಿದ್ದಾಗ ಅವನೇ ಮಾರಿದ್ದ.

ಆ ಜಾಗ ನನಗೆ ಬೇಕಿತ್ತು. ಏನಾದರೂ ಬೇಕು ಅನಿಸಿ ಬಹಳ ಕಾಲವಾಗಿತ್ತು.

ಮಾರುವವನ ಹೆಸರು ಎಲ್ಡನ್ ಪ್ರೌಟಿ. ಬಿಳಿಗಡ್ಡದ, ಊರುಗೋಲಿನ ಮನುಷ್ಯ. ವಸಂತದಲ್ಲಿ ಮಂಡಿಯ ಆಪರೇಷನ್ ಆಗಿತ್ತಂತೆ. ನಮ್ಮನ್ನು ಕಂಡದ್ದೇ ಅವನ ಮುಖ ಇಳಿಯಿತು. ಹತ್ತು ಗಂಟೆ ಅಂದಿದ್ದೆವಲ್ಲ ಎಂದು ಕೇಳಿದ. ರಸ್ತೆ ಖಾಲಿಯಿತ್ತು ಎಂದು ಅತ್ತೆ ಕಣ್ಣು ಮಿಟುಕಿಸದೆ ಹೇಳಿದರು. ಅವನ ಹೆಂಡತಿ ನೋರೀನ್ ಜಗಲಿಯಲ್ಲಿ ಬೋಗುಣಿ ತೊಡೆಯ ಮೇಲಿಟ್ಟುಕೊಂಡು ಹುರುಳಿಕಾಯಿ ಮುರಿಯುತ್ತಿದ್ದಳು. ಶೆಡ್ಡು ಎದುರಿಗೇ. ಅದರ ಬಾಗಿಲಲ್ಲಿ ನಿಂತಿದ್ದ ಕಾರಿನ ಹಿಂಭಾಗ ಜಗಲಿಗೆ ಮುಖ ಮಾಡಿತ್ತು.

ಎಪ್ಪತ್ತನೇ ಇಸವಿಯ ಕಾರು. ಎರಡು ಬಾಗಿಲು, ಎಂಟು ಸಿಲಿಂಡರು, ಮಾಗಿದ ಕಿತ್ತಳೆಯ ಬಣ್ಣ. ನೋಡಬಾರದೆಂದುಕೊಂಡರೂ ನೋಡುವಂಥದ್ದು. ನಾನು ಮಾತಾಡದೆ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು.

ಅತ್ತೆ ಕಾರಿನ ಕಾರ್ಖಾನೆಯಲ್ಲಿ ಬಾಗಿಲು ಕೂರಿಸಿ ನಿವೃತ್ತರಾದವರು. ಬಾಗಿಲನ್ನು ತೆಗೆದು, ಹಾಕಿ, ಸದ್ದು ಕೇಳಿ ತಲೆಯಾಡಿಸಿದರು. ಆಮೇಲೆ ಕೈಚೀಲದಿಂದ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತೆಗೆದರು. ನಮ್ಮ ಬೀದಿಯ ಸಾಸೇಜ್ ಅಂಗಡಿಯವರು ಕೊಟ್ಟದ್ದು, ಸಾಸೇಜಿನ ಆಕಾರದ್ದೇ. ತಗಡು ಇರುವಲ್ಲಿ ಅದು ಅಂಟುತ್ತದೆ, ತುಕ್ಕು ಮುಚ್ಚಲು ಪುಟ್ಟಿ ಮೆತ್ತಿರುವಲ್ಲಿ ಬಿದ್ದುಹೋಗುತ್ತದೆ. ಸಾಸೇಜು ಕಾರಿನ ಮೈಮೇಲೆಲ್ಲ ಹೆಜ್ಜೆ ಹಾಕಿತು. ಎಲ್ಲ ಕಡೆ ಅಂಟಿತು. ಹಿಂದಿನ ಚಕ್ರದ ಮೇಲೆ ಮಾತ್ರ ಟಪ್ಪನೆ ಉದುರಿತು.

"ಜಿಂಕೆ ಗುದ್ದಿತ್ತು ಅಲ್ಲಿ" ಎಂದ ಎಲ್ಡನ್.

"ಜಿಂಕೆ ಅಲ್ಲ, ಇವ್ರೇ" ಎಂದಳು ಜಗಲಿಯಿಂದ ನೋರೀನ್. "ನಮ್ಮ ಗೇಟಿಗೇ ಹೋಗಿ ಗುದ್ದಿದ್ದು."

ಅತ್ತೆ ನನ್ನ ಕಡೆ ನೋಡಿದರು. ಅಷ್ಟು ಚಿಕ್ಕದಕ್ಕೆ ಸುಳ್ಳು ಹೇಳುವವನು ದೊಡ್ಡದಕ್ಕೆ ಏನು ಹೇಳಿಯಾನು ಎಂಬ ನೋಟ.

ನೆಲದ ಹಾಸು ಎತ್ತಿ ನೋಡಿದೆ. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ತಳವನ್ನೇ ತಿಂದುಬಿಡುತ್ತದೆ. ಇಲ್ಲಿ ತಿಂದಿರಲಿಲ್ಲ. ಅತ್ತೆ ಹಳೆಯ ಕಂಬಳಿ ಹಾಸಿಕೊಂಡು ಕಾರಿನ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಚುಚ್ಚತೊಡಗಿದರು. ಅವರ ಬಿಳಿ ಬೂಟುಗಳು ಮಾತ್ರ ಕಾಣುತ್ತಿದ್ದವು. ಚುಚ್ಚಿದಲ್ಲೆಲ್ಲ ಗಟ್ಟಿ ಸದ್ದು ಬರುತ್ತಿತ್ತು, ಬೂಟುಗಳು ಖುಷಿಯಿಂದ ಅಲ್ಲಾಡುತ್ತಿದ್ದವು. ಎಂಜಿನ್ ಎಣ್ಣೆ ಬೆರಳಿಗೆ ಜೇನಿನಂತೆ ಹತ್ತಿತು, ಅದರಲ್ಲಿ ನೀರಿನ ಬಿಳಿಪು ಇರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸಿತು. ಅಪರೂಪದ ಸದ್ದು.

ಎಲ್ಡನ್‌ನ ನಡವಳಿಕೆ ಮಾತ್ರ ಸರಿಯಿರಲಿಲ್ಲ. ಕಾರಿನ ಹಿಂದೆ, ಸೈಲೆನ್ಸರ್ ಪೈಪುಗಳ ಮುಂದೆ, ಕಾವಲಿಗೆ ನಿಂತವನಂತೆ ನಿಂತಿದ್ದ. ನಾನು ಆ ಕಡೆ ಹೋದರೆ ಊರುಗೋಲು ಊರಿ ಅಡ್ಡ ಬರುತ್ತಿದ್ದ. ಈ ಕಡೆ ಬಂದರೆ ಈ ಕಡೆ. ದೂರದಿಂದ ನೋಡಿದವರಿಗೆ ನಾವಿಬ್ಬರೂ ಕುಣಿಯುತ್ತಿದ್ದೇವೆ ಅನಿಸುತ್ತಿತ್ತು. ಮೊದಲು ನಿಂಬೆ ಪಾನಕ ಕುಡಿಯೋಣ ಎಂದ. ಸ್ಟಾರ್ಟ್ ಮಾಡೋಣ ಎಂದರೆ, ಅವಸರವೇನು ಎಂದ. ಕೊನೆಗೆ ಜಗಲಿಯತ್ತ ತಿರುಗಿದ.

"ನೋರೀನ್, ಒಲೆಯಲ್ಲಿರೋ ಸೇಬಿನ ಪೈ ನೋಡ್ಬಾರ್ದಾ, ಸೀದು ಹೋದೀತು."

"ಪೈ ಮಾಡೇ ಇಲ್ವಲ್ಲ ಇವತ್ತು" ಎಂದು ಅವಳು ಇನ್ನೊಂದು ಹಿಡಿ ಹುರುಳಿಕಾಯಿ ತೆಗೆದುಕೊಂಡಳು.

ಅತ್ತೆ ಕೆಳಗಿನಿಂದ ಹೊರಬಂದ ಮೇಲೆ ನಾನು ಒಳಗೆ ಕುಳಿತು ಕೀಲಿ ತಿರುಗಿಸಿದೆ. ಎಂಜಿನ್ ಸ್ಟಾರ್ಟ್ ಆಯಿತು. ಒಂದು ಗರ್ಜನೆ, ಅಷ್ಟೆ. ಬಾಯಿ ಮುಚ್ಚಿದ ಹಾಗೆ ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ಹಾಗೇ.

ಅತ್ತೆ ಮೊಣಕೈ ಒರೆಸಿಕೊಂಡರು. "ಮೈ ಚೆನ್ನಾಗಿದೆ, ಜೀವ ಇಲ್ಲ. ನಡಿ ಹುಡ್ಗಿ."

"ಶನಿವಾರ?"

"ಜಾಗಕ್ಕೋಸ್ಕರ ಹೆಣ ಕೊಂಡ್ಕೊಳಕ್ಕಾಗತ್ತಾ?"

ನಾನು ಇಳಿದು ಅವರನ್ನೇ ಕೀಲಿಯ ಮುಂದೆ ಕೂರಿಸಿದೆ, ಇನ್ನೊಂದೇ ಸಲ ಎಂದೆ. ಎಲ್ಡನ್ ಬಲಕ್ಕೆ ಸರಿಯುವವರೆಗೆ ಕಾದು ಎಡದಿಂದ ನುಗ್ಗಿ ಪೈಪಿನ ಬಾಯಿಗೆ ಅಂಗೈ ಒಡ್ಡಿದೆ. ಎಂಜಿನ್ ಗರ್ಜಿಸಿತು, ಸತ್ತಿತು. ಅಂಗೈಗೆ ಏನೂ ತಾಕಲಿಲ್ಲ. ಉಸಿರಿಲ್ಲದಿರುವುದನ್ನು ಅಂಗೈಯಿಂದ ತಿಳಿಯುವುದು ನನಗೆ ಹೋದ ಬೇಸಿಗೆಯಿಂದ ಗೊತ್ತಿತ್ತು. ಆದರೆ ಇದು ಹಾಗಲ್ಲ. ಒಳಗೆ ಉಸಿರಿತ್ತು, ಹೊರಗೆ ಬರಲು ದಾರಿಯಿರಲಿಲ್ಲ.

ಪೈಪಿನೊಳಗೆ ಬೆರಳು ತೂರಿಸಿದೆ. ಉಣ್ಣೆ. ಬಗ್ಗಿ ನೋಡಿದೆ. ಕೆಂಪು ಉಣ್ಣೆ, ಅಂಚಿನಲ್ಲಿ ಬಿಳಿ ಹಿಮಸಾರಂಗಗಳು. ಕಾಲುಚೀಲ. ಪಕ್ಕದ ಪೈಪಿನಲ್ಲಿ ಅದರ ಜೋಡಿ.

ನಮ್ಮಲ್ಲಿ ಅಕ್ಟೋಬರಿನಲ್ಲಿ ಹಳೆಯ ಕಾರುಗಳನ್ನು ಶೆಡ್ಡಿಗೆ ಸೇರಿಸುವಾಗ ಪೈಪಿನ ಬಾಯಿಗೆ ಏನಾದರೂ ತುರುಕುತ್ತಾರೆ, ಇಲಿಗಳು ಒಳಗೆ ಗೂಡು ಕಟ್ಟದಿರಲಿ ಎಂದು. ಸಾಮಾನ್ಯವಾಗಿ ಚಿಂದಿ ಬಟ್ಟೆ. ವಸಂತ ಬಂದೊಡನೆ ತೆಗೆಯುತ್ತಾರೆ.

ಎಲ್ಡನ್ ಊರುಗೋಲಿನ ಮೇಲೆ ಭಾರ ಬಿಟ್ಟು ನನ್ನ ಕಿವಿಯ ಹತ್ತಿರ ಬಾಗಿದ.

"ದಮ್ಮಯ್ಯ ತಾಯಿ, ಗಟ್ಟಿಯಾಗಿ ಮಾತಾಡ್ಬೇಡ. ಅವಳು ಹೆಣೆದಿದ್ದು. ಪ್ರತಿ ಕ್ರಿಸ್ಮಸ್‌ಗೂ ಒಂದು ಜೊತೆ. ಹಾಕ್ಕೊಂಡ್ರೆ ಕಾಲೆಲ್ಲ ಕಡಿಯುತ್ತೆ. ಇಲಿಗಳೂ ಮುಟ್ಟಲ್ಲ ಅದನ್ನ."

ಈ ವಸಂತದಲ್ಲಿ ಮಂಡಿ ಬಗ್ಗುತ್ತಿರಲಿಲ್ಲವಂತೆ. ಒಂಬತ್ತೂವರೆಗೆ ನೋರೀನ್ ಚರ್ಚಿಗೆ ಕೌದಿ ಹೊಲಿಯಲು ಹೋದ ಮೇಲೆ ಹೇಗಾದರೂ ಬಗ್ಗಿ ತೆಗೆಯಬೇಕೆಂದಿದ್ದ. ನಾವು ಜಾಣತನ ಮಾಡಿ ಮುಂಚೆ ಬಂದೆವು. ಅವಳು ಗಿರಾಕಿಗಳನ್ನು ನೋಡಲೆಂದು ಚರ್ಚು ಬಿಟ್ಟು ಕೂತಳು.

ನಾನು ತಲೆಯಾಡಿಸಿದೆ. ನೋರೀನ್‌ಗೆ ಬೆನ್ನು ಕೊಟ್ಟು ಕುಳಿತು, ಎರಡು ಬೆರಳಲ್ಲಿ ಒಂದು ಸಾರಂಗದ ಕೊಂಬು ಹಿಡಿದು ಮೆಲ್ಲನೆ ಎಳೆಯತೊಡಗಿದೆ. ಕಾಲುಚೀಲ ಸಡಿಲವಾಯಿತು. ಅತ್ತೆಗೆ ಇದೊಂದೂ ಗೊತ್ತಿರಲಿಲ್ಲ. ಕೊನೆಯ ಪ್ರಯತ್ನವೆಂದು ಅವರು ಕೀಲಿ ತಿರುಗಿಸಿ, ಎಕ್ಸಲರೇಟರನ್ನು ನೆಲಕ್ಕೆ ಒತ್ತಿಬಿಟ್ಟರು.

ಎರಡು ಸಲ ಢಬ್ ಎಂದಿತು. ಒಂದು ಕಾಲುಚೀಲ ಎಲ್ಡನ್‌ನ ಗಡ್ಡಕ್ಕೆ ತಾಗಿ ಅಲ್ಲೇ ನೇತಾಡಿತು. ಇನ್ನೊಂದು ಮಸಿಯ ಬಾಲ ಎಳೆಯುತ್ತ ಅಂಗಳ ದಾಟಿ ಹೋಗಿ, ನೇರ ಹುರುಳಿಕಾಯಿ ಬೋಗುಣಿಯಲ್ಲಿ ಬಿತ್ತು. ಕಾರು ಗರ್ಜಿಸುತ್ತಲೇ ಇತ್ತು. ನಿಲ್ಲಲಿಲ್ಲ.

ನೋರೀನ್ ಅದನ್ನು ಎತ್ತಿ ಹಿಡಿದು, ತಿರುಗಿಸಿ ನೋಡಿದಳು.

"ಎಲ್ಡನ್. ಹೆಪ್ಪುಗಟ್ಟಿದ ಕೆರೇಲಿ ಮೀನು ಹಿಡಿಯೋವಾಗ ಮಂಜಿನ ತೂತಲ್ಲಿ ಬಿದ್ದೋಯ್ತು ಅಂದಿದ್ಯಲ್ಲ, ಅದೇ ಜೊತೆ ತಾನೆ ಇದು?"

ಎಲ್ಡನ್ ಗಡ್ಡದಿಂದ ಕಾಲುಚೀಲ ಬಿಡಿಸಿಕೊಳ್ಳತೊಡಗಿದ.

ನನ್ನ ಹೊಟ್ಟೆಯೊಳಗಿನಿಂದ ಏನೋ ಹೊರಟಿತು. ಮೊದಲು ಕೆಮ್ಮು ಅಂದುಕೊಂಡೆ. ಆಮೇಲೆ ನಾನು ಜಲ್ಲಿಕಲ್ಲಿನ ಮೇಲೆ ಕೂತುಬಿಟ್ಟಿದ್ದೆ, ನಗು ನಿಲ್ಲಿಸಲು ಆಗುತ್ತಿರಲಿಲ್ಲ. ಅತ್ತೆ ಕಿಟಕಿಯಿಂದ ತಲೆ ಹಾಕಿ, ಏನಾಯಿತೆಂದು ಕೇಳಿದರು. ನಾನು ಬೋಗುಣಿಯತ್ತ ಕೈ ತೋರಿಸಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ನೋರೀನ್ ಶೆಡ್ಡಿನೊಳಗೆ ನಡೆದಳು. ಟ್ರ್ಯಾಕ್ಟರಿನ ಪೈಪಿನಿಂದ ಒಂದು ಜೊತೆ ಹಸಿರು ಕಾಲುಚೀಲ ಎಳೆದಳು. ಹಿಮ ತಳ್ಳುವ ಯಂತ್ರದಿಂದ ಒಂದು ನೀಲಿ. ದೋಣಿಯ ಮೋಟಾರಿನಿಂದ ಹಿಮದ ಬೊಂಬೆಗಳಿದ್ದದ್ದು. ಪ್ರತಿಯೊಂದಕ್ಕೂ ಅದು ಯಾವ ಕ್ರಿಸ್ಮಸ್ಸಿನದು ಎಂದು ಹೇಳುತ್ತಾ, ಹೆಗಲ ಮೇಲೆ ಹಾಕಿಕೊಳ್ಳುತ್ತಾ ಹೋದಳು. ಎಲ್ಡನ್ ಹಿಂದೆಯೇ ಕುಂಟುತ್ತ ಹೋಗುತ್ತ ಸಮಾಧಾನ ಹೇಳುತ್ತಿದ್ದ.

ಕಾರು ಓಡಿಸಿ ನೋಡಬಹುದೇ ಎಂದರೆ ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನಾವೇ ಹೊರಟೆವು. ಹೊಲಗಳ ನಡುವಿನ ನೆಟ್ಟಗಿನ ರಸ್ತೆ. ಸ್ಟೀರಿಂಗ್ ಬಿಟ್ಟು ನೋಡಿದೆ, ಕಾರು ಯಾವ ಕಡೆಗೂ ಎಳೆಯಲಿಲ್ಲ. ಬ್ರೇಕ್ ಹಾಕಿದೆ, ನೇರ ನಿಂತಿತು. ಗೇರುಗಳು ತಕರಾರಿಲ್ಲದೆ ಬಿದ್ದವು, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯಲಿಲ್ಲ, ಹಿಂದೆ ನೀಲಿ ಹೊಗೆಯಿರಲಿಲ್ಲ. ಆಮೇಲೆ ಒತ್ತಿದೆ. ಸೀಟು ಬೆನ್ನಿಗೆ ಬಂದು ಗುದ್ದಿತು. ಅತ್ತೆಯ ತಲೆವಸ್ತ್ರ ಕಿಟಕಿಯಿಂದ ಹಾರಿಹೋಯಿತು. ಹೋಗಲಿ ಬಿಡು, ಇನ್ನೊಂದು ಸಲ ಒತ್ತು ಎಂದರು. ಇನ್ನೊಂದು ಸಲ ಒತ್ತಿದೆ.

ಹಿಂತಿರುಗುವಾಗ ನಿನಗೇನನಿಸುತ್ತದೆ ಎಂದು ಕೇಳಿದರು. ಮನುಷ್ಯ ಸುಳ್ಳುಗಾರ, ಆದರೆ ಕಾರಿನ ಬಗ್ಗೆ ಹೇಳಿದ ಸುಳ್ಳು ಗೇಟಿನದೊಂದೇ ಎಂದೆ.

"ಹೆಂಡ್ತಿ ಕಾಲುಚೀಲಾನ ಕಾರಿಗೆ ತೊಡಿಸಿದಾನೆ. ಇದಕ್ಕಿಂತ ಚೆನ್ನಾಗಿ ಕಾರು ಯಾರು ನೋಡ್ಕೋತಾರೆ? ತಗೋ, ಮಗಳೇ."

ಅಂಗಳಕ್ಕೆ ಬಂದಾಗ ಬಟ್ಟೆ ಒಣಹಾಕುವ ಹಗ್ಗದ ತುಂಬ ಕಾಲುಚೀಲಗಳು. ಎಲ್ಡನ್ ಜಗಲಿಯಲ್ಲಿ, ಆಗಸ್ಟಿನ ಆ ಬಿಸಿಲಿನಲ್ಲಿ, ಸಾರಂಗದ ಜೋಡಿ ತೊಟ್ಟು ಕೂತು ಹುರುಳಿಕಾಯಿ ಮುರಿಯುತ್ತಿದ್ದ. ಒಂದು ಪಾದದಿಂದ ಇನ್ನೊಂದು ಪಾದವನ್ನು ತುರಿಸಿಕೊಳ್ಳುತ್ತಿದ್ದ. ವ್ಯಾಪಾರ ಮುಗಿಸಿದ್ದು ನೋರೀನ್. ಹೊರಡುವಾಗ ಹಸಿರಿನ ಒಂದು ಜೊತೆಯನ್ನು ನನ್ನ ಕೈಗಿಟ್ಟಳು.

"ಕಾಲಿಗಾದ್ರೂ ಹಾಕ್ಕೋ, ಪೈಪಿಗಾದ್ರೂ ಹಾಕು. ನನಗೆ ಸುಳ್ಳು ಮಾತ್ರ ಹೇಳ್ಬೇಡ."

ಪೈಪಿಗೇ ಹಾಕುತ್ತೇನೆ ಎಂದೆ. ಅವಳು ಮೆಚ್ಚಿದಂತೆ ಕಂಡಿತು.

ಶನಿವಾರ ಬೆಳಿಗ್ಗೆ ವುಡ್‌ವರ್ಡ್ ರಸ್ತೆಯ ಕಾರುಗಳ ಸಾಲಿನಲ್ಲಿ ಮೆಲ್ಲಗೆ ತೆವಳಿಕೊಂಡು ಬೌಲಿಂಗ್ ಹಾಲಿನ ಮುಂದೆ ತಿರುಗಿದೆವು. ಮರದ ಕೆಳಗಿನ ಜಾಗದಲ್ಲಿ ಕಿತ್ತಳೆ ಬಣ್ಣದ ಟ್ರಾಫಿಕ್ ಶಂಕುವೊಂದು ಅಡ್ಡ ನಿಂತಿತ್ತು. ಗುಂಪಿನ ಹಿರಿಯ ಗಸ್ ಕುರ್ಚಿಯಿಂದ ಎದ್ದು ಬಂದ. ಏನೂ ಮಾತಾಡಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು ಥಟ್ಟನೆ ತೆಗೆದು ಊದಿಕೊಂಡ.

"ಸುಡ್ತಾ ಇದೆ" ಎಂದ.

ಬಗ್ಗಿ ಶಂಕುವನ್ನು ಎತ್ತಿ ಪಕ್ಕಕ್ಕಿಟ್ಟ.